ಪಲ್ಲಕ್ಕಿ ಬಿಟ್ಟು ಬೀದಿಗಿಳಿದ ಜಗದ್ಗುರು



ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಮಠದ ಋಣವಿಲ್ಲದ ಊರು ಸಿಗುವುದು ಅಪರೂಪ. ಹಾಲಕೆರೆಯಲ್ಲಿ ಅನ್ನದಾನೇಶ್ವರ ಮಠ, ಶಿರೋಳದಲ್ಲಿ ತೋಂಟದಾರ್ಯ ಮಠ, ಭೈರನಹಟ್ಟಿಯಲ್ಲಿ ದೊರೆಸ್ವಾಮಿ ವಿರಕ್ತಮಠ. ಜಾತ್ರೆ ಬಂತೆಂದರೆ ಸಾವಿರಾರು ಜನ ಸೇರುತ್ತಾರೆ. ತೇರು ಎಳೆಯುತ್ತಾರೆ, ಪ್ರಸಾದ ಉಣ್ಣುತ್ತಾರೆ, ಆಶೀರ್ವಚನ ಕೇಳುತ್ತಾರೆ, ಊರಿಗೆ ಮರಳುತ್ತಾರೆ. ಒಬ್ಬ ಗುರುವಿನ ಮಾತಿಗೆ ಇಷ್ಟು ಜನ ಕಿವಿಗೊಡುವಾಗ ಆ ಗುರು ಅವರಿಗೆ ಏನನ್ನು ಹೇಳಬೇಕು? ಪರಲೋಕದ ಮಾತಷ್ಟೇ ಸಾಕೇ, ಈ ಲೋಕದ ನೆಲ, ನೀರು, ನುಡಿಯ ಮಾತೂ ಬೇಕೇ?

ಈ ಪ್ರಶ್ನೆ ಕರ್ನಾಟಕದ್ದು ಮಾತ್ರವಲ್ಲ. ಅಮೆರಿಕದ ಮಾಂಟ್ಗೊಮರಿ ನಗರದ ಡೆಕ್ಸ್ಟರ್ ಅವೆನ್ಯೂ ಚರ್ಚಿಗೆ 1954ರಲ್ಲಿ ಒಬ್ಬ ತರುಣ ಪಾದ್ರಿ ಬಂದರು. ಅವರ ಹೆಸರು ಮಾರ್ಟಿನ್ ಲೂಥರ್ ಕಿಂಗ್. ಮರುವರ್ಷದ ಡಿಸೆಂಬರಿನಲ್ಲಿ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಬಂಧನವಾಯಿತು. ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟರು. 381 ದಿನ ನಡೆದ ಆ ಬಹಿಷ್ಕಾರದ ಸಭೆಗಳೆಲ್ಲ ನಡೆದದ್ದು ಚರ್ಚುಗಳಲ್ಲಿ. ಕಾರಣ ಸರಳ. ಆ ಜನರು ತಮ್ಮದೆಂದು ಹೇಳಿಕೊಳ್ಳಬಹುದಾಗಿದ್ದ ದೊಡ್ಡ ಕಟ್ಟಡ ಅದು, ಅವರ ದೇಣಿಗೆಯಿಂದಲೇ ನಡೆಯುತ್ತಿದ್ದ ಸಂಸ್ಥೆಯೂ ಅದು.

ಉತ್ತರ ಕರ್ನಾಟಕದ ಮಠಗಳೂ ಹಾಗೆಯೇ ಜನರ ಕಾಣಿಕೆಯಿಂದ, ಹೊಲದ ಜೋಳದಿಂದ ಬೆಳೆದವು. ಆ ಋಣವನ್ನು ಅರಿತು ನಡೆದವರಲ್ಲಿ ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ಪ್ರಮುಖರು.

1949ರ ಫೆಬ್ರುವರಿ 21ರಂದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದ ಅವರು 1974ರಲ್ಲಿ ಪೀಠವೇರಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಅವರು ಏರಿದ್ದು ಸಣ್ಣ ಪೀಠವಲ್ಲ. ಎಡೆಯೂರಿನಲ್ಲಿ ಐಕ್ಯರಾದ, 701 ವಿರಕ್ತರೊಡನೆ ನಾಡು ಸುತ್ತಿ ವಚನಗಳ ಪರಂಪರೆಯನ್ನು ಮತ್ತೆ ಚಿಗುರಿಸಿದ ತೋಂಟದ ಸಿದ್ಧಲಿಂಗರ ಪೀಠವದು. ಡಂಬಳ, ಗದಗ, ಎಡೆಯೂರುಗಳ ಹೆಸರು ಒಟ್ಟಾಗಿಯೇ ಅದಕ್ಕೆ ಸಲ್ಲುತ್ತದೆ.

ಜಗದ್ಗುರುಗಳೆಂದರೆ ಅಡ್ಡಪಲ್ಲಕ್ಕಿ, ಕಿರೀಟ ಎಂಬ ಭಾವನೆ ಜನರಲ್ಲಿ ಬೇರೂರಿತ್ತು. ಮನುಷ್ಯರ ಹೆಗಲ ಮೇಲೆ ಮನುಷ್ಯ ಕೂರುವುದು ಬಸವಣ್ಣನವರ ದಾರಿಯಲ್ಲವೆಂದು ಶ್ರೀಗಳು ಅಡ್ಡಪಲ್ಲಕ್ಕಿಯನ್ನು ಕೈಬಿಟ್ಟರು. ಭಕ್ತರಲ್ಲಿ ಹಲವರಿಗೆ ಪಲ್ಲಕ್ಕಿ ಹೊರುವುದೇ ಪುಣ್ಯವಾಗಿರುವಾಗ ಇದು ಸಣ್ಣ ನಿರ್ಧಾರವಾಗಿರಲಿಲ್ಲ.

ಪಲ್ಲಕ್ಕಿಯ ಜಾಗಕ್ಕೆ ಪುಸ್ತಕ ಬಂತು. ಮಠದ ಅಧ್ಯಯನ ಸಂಸ್ಥೆಯಿಂದ ನೂರಾರು ಗ್ರಂಥಗಳು ಹೊರಬಂದವು. ಡಾ. ಎಂ.ಎಂ. ಕಲಬುರ್ಗಿಯವರಂತಹ ಸಂಶೋಧಕರು ಈ ಕೆಲಸಕ್ಕೆ ಬೆನ್ನೆಲುಬಾಗಿದ್ದರು. ಸೋಮವಾರದ ಶಿವಾನುಭವ ಗೋಷ್ಠಿಗೆ ಸಾಹಿತಿಗಳು, ವಿಜ್ಞಾನಿಗಳು, ಅನ್ಯಧರ್ಮೀಯರು ಬಂದು ಮಾತನಾಡಿದರು. 1979ರಲ್ಲಿ ಗದುಗಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಧಾರವಾಡ, ಹುಬ್ಬಳ್ಳಿಗೆ ಕಳಿಸಲು ಅನುಕೂಲವಿಲ್ಲದ ಒಣಬೇಸಾಯದ ಮನೆಗಳ ಮಕ್ಕಳಿಗೆ ಹತ್ತಿರದಲ್ಲೇ ಓದಲು ದಾರಿಯಾಯಿತು.

ಮಠದ ಬಳಗದ ರೊಟ್ಟಿ ಜಾತ್ರೆಯನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಡಂಬಳದಲ್ಲೂ ಶಿರೋಳದಲ್ಲೂ ಅದು ಹೆಸರುವಾಸಿ. ಮನೆಮನೆಯಿಂದ ಜೋಳದ ರೊಟ್ಟಿ ಬರುತ್ತದೆ, ಜತೆಗೆ ಕರಿಂಡಿ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ರಾಶಿಯಲ್ಲಿ ಬೆರೆತ ರೊಟ್ಟಿ ಯಾರ ಮನೆಯದೆಂದು ಹೇಳಲು ಬಾರದು. ಜಾತಿಯ ವಿಷಯದಲ್ಲಿ ದೀರ್ಘ ಭಾಷಣ ಮಾಡದ ಕೆಲಸವನ್ನು ಈ ರಾಶಿ ಮಾಡುತ್ತದೆ. ಗದುಗಿನ ಜಾತ್ರಾ ಸಮಿತಿಯ ಹೊಣೆಯನ್ನು ಮುಸ್ಲಿಂ ಬಾಂಧವರಿಗೂ ವಹಿಸಿದ ಶ್ರೀಗಳಿಗೆ 2001ನೇ ಸಾಲಿನ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಸಂದಿತು.

ಇಷ್ಟೇ ಆಗಿದ್ದರೆ ಅವರನ್ನು ಒಳ್ಳೆಯ ಮಠಾಧೀಶರೆಂದು ಹೊಗಳಿ ಮುಗಿಸಬಹುದಿತ್ತು. ಅವರು ಬೀದಿಗೂ ಇಳಿದರು. ಕನ್ನಡಕ್ಕೆ ಶಾಲೆಗಳಲ್ಲಿ ಮೊದಲ ಸ್ಥಾನ ಕೇಳಿದ 1982ರ ಗೋಕಾಕ ಚಳವಳಿಯಲ್ಲಿ ಮುಂಚೂಣಿಯಲ್ಲಿ ನಿಂತು ‘ಕನ್ನಡದ ಜಗದ್ಗುರು’ ಎನಿಸಿಕೊಂಡರು.

ನಿಜವಾದ ಪರೀಕ್ಷೆ ಬಂದದ್ದು 2011ರಲ್ಲಿ. ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ವಶಪಡಿಸಿಕೊಳ್ಳಲು ಸರ್ಕಾರ ಹೊರಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಬಿ.ಎಸ್. ಯಡಿಯೂರಪ್ಪ. ಅವರು ಮಠದ ಭಕ್ತವರ್ಗ ಸೇರಿದ ಸಮುದಾಯದವರೇ. ನಮ್ಮವರ ಸರ್ಕಾರ ಎಂದು ಸುಮ್ಮನಿರುವುದು ಸುಲಭವಾಗಿತ್ತು. ಕಾರ್ಖಾನೆ ಬಂದರೆ ಕೆಲಸ ಸಿಗುತ್ತದೆ ಎಂಬ ವಾದವನ್ನು ತಳ್ಳಿಹಾಕುವುದೂ ಸುಲಭವಿರಲಿಲ್ಲ. ಆದರೆ ಹೋಗುವುದು ಫಲವತ್ತಾದ ಎರೆಭೂಮಿ. ಒಮ್ಮೆ ಹೋದರೆ ಅದು ರೈತನಿಗೆ ಮರಳುವುದಿಲ್ಲ. ಶ್ರೀಗಳು ರೈತರ ಪರ ನಿಂತರು, ಹೋರಾಟದ ನೇತೃತ್ವ ವಹಿಸಿದರು. ಜುಲೈನಲ್ಲಿ ಸರ್ಕಾರ ಭೂಸ್ವಾಧೀನದಿಂದ ಹಿಂದೆ ಸರಿಯಿತು.

ಮುಂದೆ ಕಪ್ಪತಗುಡ್ಡದ ಸರದಿ. ಔಷಧಿ ಸಸ್ಯಗಳಿಗೆ ಹೆಸರಾದ, ಒಡಲಲ್ಲಿ ಚಿನ್ನದ ಅದಿರು ಅಡಗಿರುವ ಈ ಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಸ್ಥಾನವನ್ನು ಸರ್ಕಾರ 2016ರಲ್ಲಿ ಹಿಂಪಡೆಯಿತು. ಗಣಿಗಾರಿಕೆಯ ಭೀತಿ ಹಬ್ಬಿತು. ಗದುಗಿನಲ್ಲಿ ಶ್ರೀಗಳೇ ಧರಣಿಗೆ ಕುಳಿತರು. 2017ರಲ್ಲಿ ಸಂರಕ್ಷಿತ ಸ್ಥಾನ ಮರಳಿ ಬಂತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವೂ ಆಯಿತು. ಅದನ್ನು ಕಾಣಲು ಶ್ರೀಗಳಿರಲಿಲ್ಲ.

ಅವರ ಎಲ್ಲ ನಿಲುವುಗಳನ್ನೂ ಎಲ್ಲರೂ ಒಪ್ಪಿದರೆಂದು ಹೇಳಲಾಗದು. ಲಿಂಗಾಯತವು ಸ್ವತಂತ್ರ ಧರ್ಮ ಎಂಬ ಅವರ ಪ್ರತಿಪಾದನೆಗೆ ಪಂಚಪೀಠಗಳ ಪರಂಪರೆಯಿಂದ ತೀವ್ರ ವಿರೋಧ ಬಂತು. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಮಾಡಿದ ಶಿಫಾರಸನ್ನು ಕೇಂದ್ರ ಒಪ್ಪಲಿಲ್ಲ. ಈ ಸೀಮೆಯಲ್ಲಿ ಎರಡೂ ಪರಂಪರೆಗಳ ಭಕ್ತರು ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದ್ದಾರೆ. ಆ ಚರ್ಚೆ ಮನೆಗಳೊಳಗೂ ನೋವು ತಂದಿತ್ತು. ಗುರು ಸಾರ್ವಜನಿಕ ಪ್ರಶ್ನೆಗೆ ಕೈಹಾಕಿದಾಗ ಭಕ್ತರಲ್ಲಿ ಒಂದು ಭಾಗ ಮುನಿಯುತ್ತದೆ. ಮುನಿಸನ್ನು ತಪ್ಪಿಸಲು ಮೌನ ತಾಳುವ ಮಠಗಳೇ ಹೆಚ್ಚು. ಶ್ರೀಗಳು ಆ ದಾರಿ ಹಿಡಿಯಲಿಲ್ಲ.

2018ರ ಅಕ್ಟೋಬರ್ 20ರಂದು, ಅರವತ್ತೊಂಬತ್ತರ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ಲಿಂಗೈಕ್ಯರಾದರು. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಡಾ. ಸಿದ್ಧರಾಮ ಸ್ವಾಮೀಜಿ ಪೀಠದ ಹೊಣೆ ಹೊತ್ತರು.

ಒಬ್ಬ ವ್ಯಕ್ತಿಯ ಧೈರ್ಯದಿಂದ ನಡೆದ ಕೆಲಸ ಆ ವ್ಯಕ್ತಿ ಹೋದ ಮೇಲೂ ನಡೆಯಬೇಕಾದರೆ ಹೊಣೆ ಪೀಠದ್ದಷ್ಟೇ ಅಲ್ಲ. ಕಿಂಗ್ ಅವರ ಹಿಂದೆ ವರ್ಷಕ್ಕೂ ಮಿಕ್ಕಿ ಕಾಲ್ನಡಿಗೆಯಲ್ಲೇ ಕೂಲಿಗೆ ಹೋದ ಜನರಿದ್ದರು. ಶ್ರೀಗಳ ಹಿಂದೆ ಹಳ್ಳಿಗುಡಿಯ ರೈತರಿದ್ದರು. ನೀರಿಗಾಗಿ, ನೆಲಕ್ಕಾಗಿ 1980ರಲ್ಲೇ ಬಂಡೆದ್ದ ನರಗುಂದದ ಮಣ್ಣಿಗೆ ಈ ಮಾತು ಹೊಸದಲ್ಲ. ಮುಂದಿನ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯುವಾಗ ಗುರುಗಳನ್ನು ಆಶೀರ್ವಾದದ ಜತೆಗೆ ಇನ್ನೊಂದನ್ನೂ ಕೇಳಬಹುದು: ಊರಿನ ಕೆರೆಯ ಬಗ್ಗೆ, ಶಾಲೆಯ ಬಗ್ಗೆ ಮಠ ಏನು ಹೇಳುತ್ತದೆ? ಕೇಳುವ ಭಕ್ತರಿದ್ದರೆ ಹೇಳುವ ಗುರುಗಳೂ ಇರುತ್ತಾರೆ.