ದನದ ಡಾಕ್ಟರು ಮತ್ತು ಊರು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ, ನಿವೃತ್ತಿಯ ನಂತರ ಒಕ್ಕಲುತನ ಮಾಡಿಕೊಂಡಿರುವ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ದನದ ಡಾಕ್ಟರನ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನನ್ನೊಬ್ಬನ ಬದುಕು ವೇದಿಕೆ ಹತ್ತಿ ಹೇಳುವಷ್ಟು ದೊಡ್ಡದಲ್ಲ. ಆದರೆ ಹಳ್ಳಿಯಲ್ಲಿ ನಿಂತು ಕೆಲಸ ಮಾಡಿದ ಪಶುವೈದ್ಯರೆಲ್ಲ ಸೇರಿ, ನಿಮ್ಮಂಥ ಒಕ್ಕಲಿಗರ ಕೈಹಿಡಿದು ಸಾಧಿಸಿದ ಒಂದು ಕೆಲಸವಿದೆ. ಅದನ್ನು ಇಂದಿನ ಹುಡುಗರು ಕೇಳಿಯೇ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಹೆಬ್ಬಾಳದ ಕಾಲೇಜಿನಲ್ಲಿ ಓದಿ ನೌಕರಿಗೆ ಸೇರಿದ್ದು 1980ರ ದಶಕದ ಆರಂಭದಲ್ಲಿ. ಆಗ ಗುರುಮಠಕಲ್ ಅಂದರೆ ಗುಲಬರ್ಗಾ ಜಿಲ್ಲೆ, ಯಾದಗಿರಿ ತಾಲೂಕು. ಯಾದಗಿರಿಯೇ ಜಿಲ್ಲೆಯಾದದ್ದು 2009ರ ಕೊನೆಗೆ. ಹಳ್ಳಿಗೆ ಹೋಗಲು ಸೈಕಲ್ಲು, ಹೆಗಲಿಗೆ ಬರ್ಫ ತುಂಬಿದ ಥರ್ಮಾಸು. ಅದರೊಳಗೆ ದೊಡ್ಡರೋಗದ ಲಸಿಕೆ.

ದೊಡ್ಡರೋಗ ನೋಡಿದ ಹಿರಿಯರು ಇಲ್ಲಿ ಕೆಲವರಾದರೂ ಇದ್ದೀರಿ. ಮೊದಲು ಸುಡುವ ಜ್ವರ, ಕಣ್ಣೀರು, ಬಾಯೊಳಗೆ ಹುಣ್ಣು, ಆಮೇಲೆ ನಿಲ್ಲದ ಭೇದಿ. ವಾರ ಹತ್ತು ದಿನದಲ್ಲಿ ಎತ್ತು ಸತ್ತು ಹೋಗುತ್ತಿತ್ತು. ಬಿತ್ತುವ ಹೊತ್ತಿಗೆ ಎತ್ತು ಹೋದ ಮನೆಗೆ ಆ ವರ್ಷದ ಬೆಳೆಯೂ ಹೋದಂತೆ, ಸಾಲ ಹೆಗಲಿಗೇರಿದಂತೆ. ದನಗಳ ಪಿಡುಗಿನ ವಿಚಾರಣೆಗೆ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗ 1871ರಲ್ಲಿ ವರದಿ ಕೊಟ್ಟಿತ್ತು. 1920ರ ದಶಕದಲ್ಲಿ ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು ರೋಗದ ವಿಷಾಣುವನ್ನು ಮೇಕೆಯಿಂದ ಮೇಕೆಗೆ ದಾಟಿಸಿ ದಾಟಿಸಿ ಅದರ ಸೊಕ್ಕು ಇಳಿಸಿ ಲಸಿಕೆ ಮಾಡಿದರು. ಆಮೇಲೆ ಕೀನ್ಯಾದಲ್ಲಿ ಪ್ಲೌರೈಟ್ ಎಂಬ ಪಶುವೈದ್ಯರು ಅದಕ್ಕಿಂತ ಸೌಮ್ಯವಾದ ಲಸಿಕೆ ತಯಾರಿಸಿದರು. ನಮ್ಮ ದೇಶದಲ್ಲಿ ಊರೂರಿಗೆ ಲಸಿಕೆ ಹಾಕುವ ಯೋಜನೆ ಹೊರಟದ್ದು 1954ರಲ್ಲಿ.

ಲಸಿಕೆ ಒಳ್ಳೆಯದೇ, ಆದರೆ ಅದರ ಸ್ವಭಾವ ನಾಜೂಕು. ಪುಡಿಯನ್ನು ತಣ್ಣನೆಯ ನೀರಿನಲ್ಲಿ ಕಲಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಬಿಸಿಲು ತಾಗುವಂತಿಲ್ಲ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಅಂದಮೇಲೆ ಹೊತ್ತು ಏರುವ ಮೊದಲು ಊರಿನ ದನವೆಲ್ಲ ಒಂದೇ ಕಡೆ ಸೇರಬೇಕು. ಹಿಂದಿನ ದಿನ ಸಂಜೆ ಡಂಗುರ ಸಾರಿಸುತ್ತಿದ್ದೆವು. ಮರುದಿನ ಹೋದರೆ ಅರ್ಧ ಊರು ದನ ಹೊಡೆದುಕೊಂಡು ಅಡವಿಗೆ ಹೋಗಿರುತ್ತಿತ್ತು! "ಸೂಜಿ ಹಾಕಿದ್ರ ಹಾಲು ಬತ್ತತದ್ರೀ ಸಾಹೇಬ್ರ", "ಗಬ್ಬದ ಆಕಳ ಕಂದ ಹಾಕ್ತದ" ಎಂಬ ಅಂಜಿಕೆ. ಅವರನ್ನು ತಪ್ಪು ಅನ್ನಲಾರೆ. ಒಂದೇ ಎಮ್ಮೆ ಇದ್ದವನಿಗೆ ಅಂಜಿಕೆ ಇರುವುದೇ. ಗದರಿಸಿದರೆ ಕೆಲಸ ಕೆಡುತ್ತಿತ್ತು. ಊರ ಗೌಡರೋ, ಗುಡಿಯ ಪೂಜಾರಿಯೋ, ಯಾರ ಮಾತು ನಾಲ್ಕು ಮಂದಿ ಕೇಳುತ್ತಾರೋ ಅವರ ಎತ್ತಿಗೆ ಮೊದಲು ಸೂಜಿ. ಆ ಎತ್ತು ಮರುದಿನ ಗಳೆ ಹೂಡಿದ್ದನ್ನು ಕಂಡ ಮೇಲೆ ಉಳಿದವರು ತಾವೇ ಬರುತ್ತಿದ್ದರು. ಕುರಿಗಾರರದು ಇನ್ನೊಂದು ಪರಿ, ಅವರನ್ನು ಹುಡುಕಿಕೊಂಡು ಹಟ್ಟಿಗೇ ಹೋಗಬೇಕು. ನಮ್ಮದು ಗಡಿ ಸೀಮೆ ಬೇರೆ. ನಾರಾಯಣಪೇಟೆ ಅನತಿ ದೂರ. ದನ ವ್ಯಾಪಾರಕ್ಕೆ ಗಡಿ ಎಲ್ಲಿದೆ?

ಅದಕ್ಕಿಂತ ಕಷ್ಟದ ಕಾಲ ಮುಂದೆ ಬಂತು. ರೋಗ ಕಾಣೆಯಾಗುತ್ತ ಬಂದ ಹಾಗೆ, ಲಸಿಕೆ ನಿಲ್ಲಿಸಿರಿ ಎಂಬ ಆಜ್ಞೆ ಬಂತು. ಕಾರಣ ಸರಳ. ಲಸಿಕೆ ಹಾಕುತ್ತಲೇ ಇದ್ದರೆ ವಿಷಾಣು ನಿಜವಾಗಿ ಹೋಯಿತೋ, ಲಸಿಕೆಯ ಹಿಂದೆ ಅಡಗಿ ಕೂತಿದೆಯೋ ತಿಳಿಯುವುದಿಲ್ಲ. ಮೂವತ್ತು ವರ್ಷ "ಹಾಕಿಸ್ರಿ, ಹಾಕಿಸ್ರಿ" ಎಂದು ಬೆನ್ನು ಹತ್ತಿದ ಇಲಾಖೆಯವರು ಈಗ "ಬೇಡ" ಅಂದರೆ ಜನ ನಂಬುತ್ತಾರೆಯೇ? "ದುಡ್ಡು ಮುಗೀತೇನ್ರಿ ಸರಕಾರದ್ದು?" ಎಂದು ಮುಖದ ಮೇಲೆ ಕೇಳಿದರು. ಲಸಿಕೆಯ ಬದಲು ಊರೂರು ಸುತ್ತಿ ವಿಚಾರಿಸುವುದೇ ನಮ್ಮ ಕೆಲಸವಾಯಿತು. ಬಾಯಿ ಹುಣ್ಣಾದ ದನ ಉಂಟೇ, ಭೇದಿಯಾಗಿ ಸತ್ತದ್ದು ಉಂಟೇ ಎಂದು. ಜನ ಮುಚ್ಚಿಡದೆ ಹೇಳಿದರೆ ಮಾತ್ರ ಆ ಕೆಲಸ ಆಗುವಂಥದು. ಹೇಳಿದರು. ದೇಶದಲ್ಲಿ ಕೊನೆಯ ಬಾರಿ ದೊಡ್ಡರೋಗ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. 2006ರಲ್ಲಿ ಭಾರತಕ್ಕೆ ರೋಗಮುಕ್ತ ಎಂಬ ಮಾನ್ಯತೆ ಸಿಕ್ಕಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಘೋಷಿಸಿದರು. ಮನುಷ್ಯರ ಸಿಡುಬು ಬಿಟ್ಟರೆ ಭೂಮಿಯಿಂದ ಪೂರ್ತಿ ಅಳಿಸಿದ ರೋಗ ಇದೊಂದೇ. ಅದರಲ್ಲಿ ನಮ್ಮ ಸೀಮೆಯ ಒಕ್ಕಲಿಗನ ಪಾಲೂ ಇದೆ. ಇದನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ.

ಉಳಿದ ರೋಗಗಳು ಹಾಗೆ ಹೋಗುವಂಥವಲ್ಲ. ಕಾಲುಬಾಯಿ ಬೇನೆಯ ವಿಷಾಣುವಿಗೆ ಹಲವು ವೇಷ, ಲಸಿಕೆಯ ಬಲವೂ ಕೆಲವು ತಿಂಗಳು ಮಾತ್ರ. 2013ರಲ್ಲಿ ನಮ್ಮ ರಾಜ್ಯದಲ್ಲಿ ಅದು ಮಾಡಿದ ಹಾನಿ ನಿಮ್ಮ ನೆನಪಿನಲ್ಲಿದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕಬೇಕಾಯಿತು. ಕುರಿ ಆಡುಗಳ ಹಿರೇಬೇನೆ ದೊಡ್ಡರೋಗದ ದಾಯಾದಿ. ಅದನ್ನು 2030ರೊಳಗೆ ಮುಗಿಸಬೇಕೆಂದು ಜಗತ್ತು ಹೊರಟಿದೆ. ಇಲ್ಲಿ ಒಂದು ಮಾತು, ಯಾರೂ ಬೇಸರ ಮಾಡಿಕೊಳ್ಳಬಾರದು. ಮೈಲಾಪುರದ ಜಾತ್ರೆಯಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿ, ದಾರಿಯಲ್ಲೇ ಮರಿಗಳನ್ನು ತಡೆಯುತ್ತದೆ. ಮರಿಗೆ ಆಗುವ ಹಿಂಸೆ ಒಂದು ಕಡೆ. ಡಾಕ್ಟರನ ಕಣ್ಣಿಗೆ ಇನ್ನೊಂದೂ ಕಾಣುತ್ತದೆ. ನೂರು ಹಟ್ಟಿಯ ಮರಿ ಒಂದೆಡೆ ಸೇರಿ ಮತ್ತೆ ಹಂಚಿಹೋದರೆ ರೋಗಕ್ಕೆ ಅದಕ್ಕಿಂತ ಒಳ್ಳೆಯ ಸವಾರಿ ಬೇಕೇ? ಮಲ್ಲಯ್ಯನ ಮೇಲೆ ನನಗೂ ಭಕ್ತಿ ಉಂಟು.

ಈಗ ಸೂಜಿ ಬಿಟ್ಟು ಕೈಯ ಕೆಲಸಕ್ಕೆ ಬರುತ್ತೇನೆ. ಎಮ್ಮೆ ಈಯುವಾಗ ಗರ್ಭಕೋಶವೇ ತಿರುಚಿಕೊಳ್ಳುವುದುಂಟು. ಬೇನೆ ತಿನ್ನುತ್ತದೆ, ಕರು ಬಾರದು. ಎಳೆದರೆ ತಾಯಿ ಕರು ಎರಡೂ ಹೋದವು. ತಿರುಚಿದ್ದು ಯಾವ ಕಡೆಗೆ ಎಂದು ಕೈ ಹಾಕಿ ನೋಡಿ, ಅದೇ ಮಗ್ಗುಲಿಗೆ ಎಮ್ಮೆಯನ್ನು ಕೆಡವಿ, ಹೊಟ್ಟೆಯ ಮೇಲೆ ಉದ್ದನೆಯ ಹಲಗೆ ಇಟ್ಟು, ಹಲಗೆಯ ಒಂದು ತುದಿ ನೆಲಕ್ಕೆ ತಾಗಿಸಿ ಅದರ ಮೇಲೆ ಒಬ್ಬ ನಿಂತು, ಕಾಲಿಗೆ ಹಗ್ಗ ಕಟ್ಟಿ ಉಳಿದವರು ನಿಧಾನ ಉರುಳಿಸಬೇಕು. ಹೊರಳುವುದು ಎಮ್ಮೆಯ ಮೈ ಮಾತ್ರ, ಒಳಗಿನ ಭಾರ ಹಲಗೆಗೆ ಒತ್ತಿ ನಿಂತಲ್ಲೇ ನಿಲ್ಲುತ್ತದೆ, ತಿರುಚು ಬಿಚ್ಚುತ್ತದೆ. ಇದಕ್ಕೆ ಎಂಟು ಹತ್ತು ಆಳು ಬೇಕು. ನಡುರಾತ್ರಿ ಕೂಗಿದರೆ ಓಣಿಯ ಮಂದಿ ಲಾಟೀನು ಹಿಡಿದು ಬಂದೇ ಬರುತ್ತಿದ್ದರು. ಎಮ್ಮೆ ಯಾರದು, ಜಾತಿ ಯಾವುದು ಎಂದು ಆ ಹೊತ್ತಿನಲ್ಲಿ ಕೇಳಿದವರನ್ನು ನಾನು ಕಾಣಲಿಲ್ಲ. ಹಗಲಿನಲ್ಲಿ ಕೇಳುತ್ತಿದ್ದರು, ಅದು ಬೇರೆ ಮಾತು. ಇಂದು ಫೋನಿದೆ, ಗಾಡಿಯಿದೆ. ಆದರೆ ಗಟ್ಟಿ ಆಳುಗಳೆಲ್ಲ ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಹಲಗೆ ಹಿಡಿಯಲು ಮುದುಕರು, ಹೆಣ್ಣುಮಕ್ಕಳು.

ಹೆಣ್ಣುಮಕ್ಕಳ ಮಾತು ಬಂತು. ದನದ ರೋಗ ಗಂಡಸರನ್ನು ಕೇಳಿದರೆ ನಿನ್ನೆಯಿಂದ ಮೇವು ತಿಂದಿಲ್ಲ ಅನ್ನುತ್ತಾರೆ. ಹಾಲು ಹಿಂಡುವಾಕೆಯನ್ನು ಕೇಳಿದರೆ, "ನಾಕ ದಿನದಿಂದ ಎಡಗಡೆ ಹಿಂದಿನ ಮೊಲಿ ಬಿಗದೈತ್ರೀ ಯಪ್ಪಾ, ಹಾಲು ನೀರಾಗ್ಯಾವ" ಎಂದು ಅರ್ಧ ರೋಗ ತಾನೇ ಹೇಳಿಬಿಡುತ್ತಾಳೆ. ಮೈ ತೊಳೆಯುವವಳು, ಮೇವು ತರುವವಳು, ಹಾಲು ತರುವವಳು ಆಕೆ. ಸಂಘದ ಪಟ್ಟಿಯಲ್ಲಿ ಮಾತ್ರ ಗಂಡನ ಹೆಸರು, ದುಡ್ಡೂ ಅವನ ಖಾತೆಗೆ. ಮುಂದಿನ ಸದಸ್ಯತ್ವದಲ್ಲಿ ಇದನ್ನು ತಿದ್ದಬೇಕೆಂದು ಅಧ್ಯಕ್ಷರಲ್ಲಿ ನನ್ನ ವಿನಂತಿ.

ಒಕ್ಕಲುತನದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಿವೃತ್ತನಾದ ಮೇಲೆ ಹಿರಿಯರ ಹೊಲದಲ್ಲಿ ತೊಗರಿ, ಜೋಳ, ಹೆಸರು ಬೆಳೆಯುತ್ತೇನೆ. ಎರಡು ದೇವಣಿ ಆಕಳು ಇವೆ. ಹಾಲು ಜರ್ಸಿಯಷ್ಟಿಲ್ಲ, ಆದರೆ ನಮ್ಮ ಬೇಸಿಗೆಯಲ್ಲಿ ಅವು ನಿಶ್ಚಿಂತೆಯಾಗಿ ಮೆಲುಕು ಹಾಕುತ್ತವೆ, ಮಿಶ್ರತಳಿ ನಾಲಿಗೆ ಚಾಚಿ ನಿಲ್ಲುತ್ತದೆ. ನನ್ನ ಚಿಂತೆ ಕಣಕಿಯದು. ಜೋಳ ಬಿಟ್ಟು ಹತ್ತಿ ಹಾಕಿದ ಹೊಲದಿಂದ ದನಕ್ಕೆ ಏನು ಬರುತ್ತದೆ? ಬಣವಿ ಕಾಣದ ಹಿತ್ತಲು ಹೆಚ್ಚುತ್ತಿವೆ. ಡಾಕ್ಟರ ಔಷಧಿ ಹಸಿದ ಎಮ್ಮೆಗೆ ಹಾಲು ಕೊಡಿಸಲಾರದು. ಸಂಘದ ಲಾಭದಲ್ಲಿ ಒಂದು ಪಾಲು ಸುಗ್ಗಿಯಲ್ಲೇ ಕಣಕಿ ಕೊಂಡು ಕೂಡಿಡಲು ಎತ್ತಿಟ್ಟರೆ ಬೇಸಿಗೆಯಲ್ಲಿ ಎಮ್ಮೆ ಮಾರುವುದು ತಪ್ಪುತ್ತದೆ. ಗದುಗಿನ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಕ್ಕಲಿಗ ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪಲಿ ಎಂದೇ. 1946ರಲ್ಲಿ ಹುಟ್ಟಿದ ಗುಜರಾತಿನ ಖೇಡಾ ಜಿಲ್ಲೆಯ ಹಾಲಿನ ಸಂಘ ತನ್ನದೇ ಪಶುವೈದ್ಯರನ್ನು ಇಟ್ಟುಕೊಂಡು, ಅವರನ್ನು ಗಾಡಿಯಲ್ಲಿ ಹಳ್ಳಿಗೆ ಕಳಿಸಿತು. ನಾವು ಅಷ್ಟು ದೊಡ್ಡವರಲ್ಲ, ಕಣಕಿಯನ್ನಾದರೂ ಕೂಡಿಡಬಹುದು.

ಕೊನೆಯದಾಗಿ ಕೆಲಸದ ಮಾತು. ಕಂದು ಹಾಕುವ ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಮಾತ್ರ ಲಸಿಕೆ, ಆಯುಷ್ಯದಲ್ಲಿ ಒಂದೇ ಸಲ. ಆ ರೋಗ ಮನುಷ್ಯರಿಗೂ ಹತ್ತುತ್ತದೆ. ಬರಿಗೈಯಲ್ಲಿ ಕಸ ತೆಗೆದು ತಿಂಗಳುಗಟ್ಟಲೆ ಜ್ವರ, ಕೀಲುನೋವು ತಿಂದ ಡಾಕ್ಟರರು ನಮ್ಮಲ್ಲಿ ಎಷ್ಟೋ ಜನ. ಆದ್ದರಿಂದ ಕಂದು ಹಾಕಿದ ದನದ ಕಸವನ್ನು ಕೈಯಲ್ಲಿ ಮುಟ್ಟಬೇಡಿ, ನಾಯಿಗೆ ಹಾಕಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿರಿ. ಹಾಲು ಕಾಯಿಸದೆ ಮಕ್ಕಳಿಗೆ ಕೊಡಬೇಡಿ. ಯಾರ ಮನೆಯಲ್ಲಿ ಆ ವಯಸ್ಸಿನ ಹೆಣ್ಣುಗರು ಇವೆಯೋ, ಇವತ್ತು ಊಟಕ್ಕೆ ಹೋಗುವ ಮೊದಲು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ ಹೋಗಿರಿ.