ಗಂಡಸುತನದ ಪಾಠ ಹೇಳುವವರು ಯಾರು?



ಹೆಣ್ಣು ಮಕ್ಕಳು ಹೇಗಿರಬೇಕು ಎಂಬ ಬಗ್ಗೆ ನಾವು ಎಷ್ಟೋ ಭಾಷಣಗಳನ್ನು ಮಾಡಿದ್ದೇವೆ, ಎಷ್ಟೋ ಲೇಖನಗಳನ್ನು ಬರೆದಿದ್ದೇವೆ. ಅವರ ಉಡುಪು, ಓದು, ಮದುವೆ, ಮೊಬೈಲು ಎಲ್ಲವೂ ನಮ್ಮ ಚರ್ಚೆಯ ವಸ್ತುಗಳಾಗಿವೆ. ಆದರೆ ಗಂಡು ಮಕ್ಕಳು ಹೇಗಿರಬೇಕು ಎಂಬ ಪ್ರಶ್ನೆಯನ್ನು ನಾವು ಎತ್ತಿದ್ದು ತೀರಾ ಅಪರೂಪ. ಹುಡುಗ ತಾನಾಗಿಯೇ ಗಂಡಸಾಗುತ್ತಾನೆ ಎಂಬುದು ನಮ್ಮ ನಂಬಿಕೆ. ಈ ನಂಬಿಕೆ ಸರಿಯೇ?

ಹುಟ್ಟಿನೊಂದಿಗೆ ಬರುವುದು ಗಂಡಿನ ದೇಹ. ಗಂಡಸುತನವೆಂದು ನಾವು ಕರೆಯುವ ವೇಷ, ನಡೆ, ನುಡಿಗಳಲ್ಲಿ ಹೆಚ್ಚಿನವು ಪರಿಸರ ಕಲಿಸಿದವು. ಒಂದು ಕಾಲದಲ್ಲಿ ಕನ್ನಡ ನಾಡಿನ ಗಂಡಸರು ಕಿವಿಗೆ ಒಂಟಿ ಧರಿಸುತ್ತಿದ್ದರು, ಜುಟ್ಟು ಬಿಡುತ್ತಿದ್ದರು. ಮೊಗಲ್ ದೊರೆಗಳು ಕೊರಳಿಗೆ ಮುತ್ತಿನ ಹಾರ ತೊಡುತ್ತಿದ್ದರು. ಅವರ ಪೌರುಷವನ್ನು ಯಾರೂ ಶಂಕಿಸಲಿಲ್ಲ. ಕಾಲ ಬದಲಾದಂತೆ ಗಂಡಸಿನ ಚಿತ್ರವೂ ಬದಲಾಯಿತು.

ಹಿಂದೆ ಈ ಚಿತ್ರವನ್ನು ಊರು, ಕುಟುಂಬ ಬರೆಯುತ್ತಿದ್ದವು. ಇಂದು ಮಾರುಕಟ್ಟೆ ಬರೆಯುತ್ತಿದೆ. ಅಮೆರಿಕದ ಮಾರ್ಲ್‌ಬೊರೊ ಸಿಗರೇಟಿನ ಕಥೆಯನ್ನೇ ನೋಡಿ. 1920ರ ದಶಕದಲ್ಲಿ ಅದನ್ನು ಮಹಿಳೆಯರ ಸಿಗರೇಟು ಎಂದೇ ಪ್ರಚಾರ ಮಾಡಲಾಗಿತ್ತು. 1950ರ ದಶಕದ ಮಧ್ಯಭಾಗದಲ್ಲಿ ಕಂಪೆನಿ ತನ್ನ ಜಾಹೀರಾತನ್ನು ಬದಲಿಸಿ, ಕುದುರೆಯೇರಿದ ಒರಟು ದನಗಾಹಿಯ ತುಟಿಗೆ ಅದೇ ಸಿಗರೇಟನ್ನಿಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಗಂಡಸುತನದ ಲಾಂಛನವಾಗಿಬಿಟ್ಟಿತು! ಆ ಜಾಹೀರಾತುಗಳಲ್ಲಿ ಕಾಣಿಸಿಕೊಂಡವರ ಪೈಕಿ ಹಲವರು ಮುಂದೆ ಧೂಮಪಾನದಿಂದ ಬರುವ ಕಾಯಿಲೆಗಳಿಂದಲೇ ತೀರಿಕೊಂಡರೆಂಬುದು ಬೇರೆ ಮಾತು. ನಮ್ಮ ದೇಶದಲ್ಲಿ 2005ರಲ್ಲಿ ಪುರುಷರಿಗೆಂದೇ ಬಿಳುಪಿನ ಕ್ರೀಮು ಬಂತು. ಹೆಣ್ಣಿನ ಮೈಬಣ್ಣವನ್ನು ಹಳಿದು ಹಣ ಮಾಡಿದ್ದ ಮಾರುಕಟ್ಟೆಗೆ ಗಂಡಿನ ಕೀಳರಿಮೆಯೂ ಸರಕಾಯಿತು.

ಸಿನಿಮಾದ ಪಾತ್ರವೂ ಸಣ್ಣದಲ್ಲ. 1972ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ'ದ ನಾಯಕ ವಿಧವೆ ಅಕ್ಕನ ಸಂಸಾರವನ್ನು ಹೆಗಲ ಮೇಲೆ ಹೊತ್ತು, ಬಂಜರು ನೆಲವನ್ನು ಹಸನು ಮಾಡುತ್ತಾನೆ. ಅದನ್ನು ನೋಡಿ ಯುವಕರು ಹಳ್ಳಿಗೆ ಮರಳಿದರೆಂದು ಹಿರಿಯರು ಇಂದಿಗೂ ಹೇಳುವುದುಂಟು. ಹೊಣೆ ಹೊರುವವನೇ ಗಂಡಸು ಎಂಬುದು ಅಂದಿನ ಪಾಠ. 2019ರ 'ಕಬೀರ್ ಸಿಂಗ್' ಚಿತ್ರದ ನಾಯಕನಾದರೋ ತಾನು ಪ್ರೀತಿಸುವ ಹುಡುಗಿಯ ಕೆನ್ನೆಗೆ ಹೊಡೆಯುತ್ತಾನೆ. ಚಿತ್ರಮಂದಿರಗಳು ತುಂಬಿ ತುಳುಕಿದವು. 2023ರ 'ಅನಿಮಲ್' ಈ ದಾರಿಯಲ್ಲಿ ಇನ್ನಷ್ಟು ಮುಂದೆ ಹೋಯಿತು. ಹೆದರಿಸುವವನೇ ಗಂಡಸು ಎಂಬುದು ಇಂದಿನ ಪಾಠ.

ಇದು ಬರಿಯ ಮನರಂಜನೆ ಎನ್ನುವವರು ಒಂದು ಅಂಕಿ ಅಂಶದತ್ತ ಗಮನ ಹರಿಸಬೇಕು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಂದಲ್ಲ ಒಂದು ಕಾರಣಕ್ಕೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದ ಪುರುಷರು ಕರ್ನಾಟಕದಲ್ಲಿ ಶೇ. 81.9. ಹಿಮಾಚಲ ಪ್ರದೇಶದಲ್ಲಿ ಹಾಗೆಂದ ಪುರುಷರು ಶೇ. 14.2 ಮಾತ್ರ. ಎರಡೂ ಕಡೆಯ ಗಂಡಸರ ರಕ್ತ ಒಂದೇ, ಪರಿಸರ ಬೇರೆ. ಇನ್ನೂ ನೋವಿನ ವಿಷಯವೆಂದರೆ, ನಮ್ಮ ರಾಜ್ಯದ ಶೇ. 76.9 ಮಹಿಳೆಯರೂ ಅದನ್ನು ಸರಿಯೆಂದರು. ಮಗನಿಗೆ ಮೊದಲ ಪಾಠ ಹೇಳುವ ತಾಯಿಯೇ ಏಟನ್ನು ಒಪ್ಪಿಕೊಂಡರೆ, ದೂಷಿಸುವುದು ಸಿನಿಮಾವನ್ನು ಮಾತ್ರವೇ?

ಇದು ಅನ್ಯರ ಸಮಸ್ಯೆಯೆಂದು ನಾವು ಭಾವಿಸಬಾರದು. ಆಂಡ್ರ್ಯೂ ಟೇಟ್ ಎಂಬಾತನ ಹೆಸರನ್ನು ಹಿರಿಯರು ಕೇಳಿರಲಿಕ್ಕಿಲ್ಲ, ಮಕ್ಕಳು ಕೇಳಿದ್ದಾರೆ. ಹೆಣ್ಣನ್ನು ಗಂಡಿನ ಸ್ವತ್ತೆಂಬಂತೆ ಬಣ್ಣಿಸುತ್ತಿದ್ದ ಈತನನ್ನು 2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್‌ಗಳು ಹೊರಹಾಕಿದವು. ಅದೇ ಅಕ್ಟೋಬರ್‌ನಲ್ಲಿ ಆತ ಇಸ್ಲಾಮ್ ಸ್ವೀಕರಿಸಿರುವುದಾಗಿ ಘೋಷಿಸಿಕೊಂಡ. ನಮ್ಮ ಯುವಕರಲ್ಲಿ ಕೆಲವರು ಆತನ ವೀಡಿಯೋಗಳನ್ನು ಹೆಮ್ಮೆಯಿಂದ ಹಂಚಿಕೊಂಡರು. ಧರ್ಮದ ಹೆಸರು ಸೇರಿದ ಮಾತ್ರಕ್ಕೆ ಅಹಂಕಾರವು ಸದ್ಗುಣವಾಗುತ್ತದೆಯೇ? ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವವನಲ್ಲ, ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಅವರು ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಎಲ್ಲರೆದುರು ಕಣ್ಣೀರಿಟ್ಟವರು, ಮನೆಯಲ್ಲಿರುವಾಗ ಮನೆಯವರ ಕೆಲಸಕ್ಕೆ ಹೆಗಲು ಕೊಟ್ಟವರು. ಈ ಪಾಠವನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಮನೆಯಲ್ಲಿ ತೋರಿಸುತ್ತೇವೆಯೇ?

ಕೆಲ ವರ್ಷಗಳ ಹಿಂದೆ, ಕೊಲ್ಲಿಯಿಂದ ರಜೆಯಲ್ಲಿ ಬಂದಿದ್ದ ಬಂಧುವೊಬ್ಬರ ಮನೆಗೆ ನಾವು ಹೋಗಿದ್ದೆವು. ಅಲ್ಲಿ ಅವರು ಆರು ಮಂದಿಯ ಕೋಣೆಯಲ್ಲಿದ್ದು, ಸರದಿಯಂತೆ ಅಡುಗೆ ಮಾಡಿ, ಪಾತ್ರೆ ತೊಳೆದು, ಬಟ್ಟೆ ಒಗೆದು ಬದುಕುವವರು. ಇಲ್ಲಿ ಊಟ ಮುಗಿಸಿ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದರು. ಹದಿನೈದರ ಮಗನೂ ಹಾಗೆಯೇ ಎದ್ದ. ತಂಗಿ ಎರಡೂ ತಟ್ಟೆಗಳನ್ನು ಎತ್ತಿಕೊಂಡು ಹೋದಳು. "ಅಲ್ಲಿ ಎಲ್ಲವನ್ನೂ ಮಾಡುತ್ತೀರಲ್ಲಾ?" ಎಂದು ಕೇಳಿದಾಗ ಅವರು ನಕ್ಕು, "ಅಲ್ಲಿ ನೋಡುವವರು ಯಾರಿದ್ದಾರೆ?" ಎಂದರು.

ಸಹೋದರರೇ, ಆ ಉತ್ತರವನ್ನು ನಾವು ಮರೆತಿಲ್ಲ. ತಂದೆಯ ಬದುಕಿನ ಅತ್ಯುತ್ತಮ ಭಾಗವನ್ನು, ಅವರ ದುಡಿಮೆ, ಒಂಟಿತನ, ತಾಳ್ಮೆ, ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವ ಸ್ವಾಭಿಮಾನ, ಇವನ್ನೆಲ್ಲ ಮಗ ನೋಡಲೇ ಇಲ್ಲ. ಅವನು ನೋಡಿದ್ದು ಬಿಟ್ಟೆದ್ದ ತಟ್ಟೆಯನ್ನು ಮಾತ್ರ. ಉಳಿದದ್ದನ್ನು ಅವನು ಮೊಬೈಲಿನಲ್ಲಿ ನೋಡಿ ಕಲಿಯುತ್ತಾನೆ. ಊರಲ್ಲೇ ಇರುವ ತಂದೆಯರೂ ಅಂಗಡಿ, ವ್ಯವಹಾರ, ಸಂಘ ಸಂಸ್ಥೆಗಳ ಮಧ್ಯೆ ಮಗನ ಪಾಲಿಗೆ ವಿದೇಶದಲ್ಲಿರುವವರಂತೆಯೇ ಅಲ್ಲವೇ?

ಈ ಪಾಠದ ಬೆಲೆಯನ್ನು ತೆರುವವರು ಹೆಂಗಸರು ಮಾತ್ರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಮಂದಿಯಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಗಂಡಸರು. ಸಾಲ, ಕಾಯಿಲೆ, ಕುಟುಂಬ ಕಲಹ, ಹೀಗೆ ಕಾರಣಗಳು ಹಲವು. ಆದರೆ "ಗಂಡಸಾಗಿ ಅಳುತ್ತೀಯಾ?" ಎಂಬ ಮಾತನ್ನು ಕೇಳುತ್ತಾ ಬೆಳೆದವನು ಕಷ್ಟ ಬಂದಾಗ ಯಾರ ಬಳಿ ಬಾಯಿ ತೆರೆದಾನು?

ಆದ್ದರಿಂದ ನಮ್ಮ ವಿನಂತಿ ಸರಳವಾಗಿದೆ. ಮಗನ ಎದುರಲ್ಲೇ ತಮ್ಮ ತಟ್ಟೆಯನ್ನು ತಾವು ಎತ್ತಿರಿ. ಪತ್ನಿಯ ಮೇಲೆ ಕೂಗಾಡಿದ್ದರೆ, ಮಗನ ಎದುರಲ್ಲೇ ಕ್ಷಮೆ ಕೇಳಿರಿ. ವಿದೇಶದಲ್ಲಿರುವವರು ವೀಡಿಯೋ ಕರೆಯಲ್ಲಿ ಮಾರ್ಕು ವಿಚಾರಿಸಿ ಮುಗಿಸದೆ, ತಾವು ಅಡುಗೆ ಮಾಡುವ ಒಲೆಯನ್ನೂ ಮಗನಿಗೆ ತೋರಿಸಿರಿ. ತಾಯಂದಿರೇ, ಅತ್ತ ಮಗನನ್ನು ಹೆಣ್ಣಿಗ ಎಂದು ಹಂಗಿಸಬೇಡಿ. ಮೊಬೈಲನ್ನು ಕಿತ್ತುಕೊಂಡರೆ ಅವನು ಗೆಳೆಯನ ಮೊಬೈಲಿನಲ್ಲಿ ನೋಡಿಯಾನು. ಅದಕ್ಕಿಂತ ಉತ್ತಮವಾದ ಗಂಡಸೊಬ್ಬನನ್ನು ಮನೆಯೊಳಗೇ ನೋಡುವ ಅವಕಾಶ ಅವನಿಗಿರಲಿ.

ನಾವು ಕಲಿಸದಿದ್ದರೆ ಮಕ್ಕಳು ಕಲಿಯದೆ ಉಳಿಯುವುದಿಲ್ಲ. ಕಲಿಸಲು ಮಾರುಕಟ್ಟೆ ಹಗಲಿರುಳೂ ಕಾದು ಕುಳಿತಿದೆ.