ಹಳೆಯ ಪತ್ರಗಳಲ್ಲಿ ‘ನೀನು’ ಮತ್ತು ‘ನೀವು’



ಯಾರಿಗೆ ‘ನೀನು’, ಯಾರಿಗೆ ‘ನೀವು’, ಯಾರಿಗೆ ‘ತಾವು’ ಎಂಬುದನ್ನು ಪರಭಾಷೆಯ ನಡುವೆ ಬೆಳೆಯುವ ಮಕ್ಕಳಿಗೆ ಕಲಿಸುವ ಕಷ್ಟ ತಮಗೆಲ್ಲ ಗೊತ್ತಿದ್ದದ್ದೇ. ಸ್ಪೇನಿನವರಿಗೂ ಈ ತೊಡಕು ಹೊಸದಲ್ಲ. ಅವರ ಹಳೆಯ ರಾಜಪತ್ರಗಳಲ್ಲಿ ಅದು ಎಂಥ ಗುರುತು ಬಿಟ್ಟಿದೆಯೆಂಬುದನ್ನು ಈ ಹೊತ್ತು ನಾಲ್ಕು ಮಾತಿನಲ್ಲಿ ಅರಿಕೆ ಮಾಡುತ್ತೇನೆ.

ಹಿಂದಿನ ಸ್ಪ್ಯಾನಿಷಿನಲ್ಲಿ ‘ತೂ’ ಎಂದರೆ ನೀನು. ‘ವೋಸ್’ ಎಂದರೆ ನೀವು. ಒಬ್ಬನೇ ಇದ್ದರೂ ಮರ್ಯಾದೆಗಾಗಿ ಆಡುವ ಮಾತು. 1492ರಲ್ಲಿ ಕೊಲಂಬಸನಿಗೆ ಫರ್ಡಿನೆಂಡ್ ಮತ್ತು ಇಸಾಬೆಲ್ಲಾ ದಂಪತಿಗಳು ಕೊಟ್ಟ ಎರಡು ಪತ್ರಗಳನ್ನು ನೋಡಿ. ಮೊದಲನೆಯದು ಏಪ್ರಿಲ್ 17ರದು, ಗ್ರನಾಡದ ಬಳಿಯ ಸಾಂತಾ ಫೆಯಲ್ಲಿ ಆದದ್ದು. ಅದು ಬಿನ್ನಹದ ಧಾಟಿಯಲ್ಲಿದೆ. ಅಲ್ಲಿ ಅರಸರು ‘ತಮ್ಮ ಮಹೋನ್ನತಿಗಳು’; ಕೊಲಂಬಸನಾದರೋ ‘ಸದರಿ ಡಾನ್ ಕ್ರಿಸ್ತೋಬಲ್’, ಎಂದರೆ ಪ್ರಥಮ ಪುರುಷ. ಅವನನ್ನು ನೌಕಾಧಿಪತಿ, ವೈಸ್‌ರಾಯ್ ಮಾಡುವುದು, ಲಾಭದಲ್ಲಿ ಹತ್ತನೆಯ ಒಂದು ಪಾಲು ಕೊಡುವುದು, ಹೀಗೆ ಒಂದೊಂದು ಕಲಮಿನ ಕೆಳಗೂ ‘ಮಹೋನ್ನತಿಗಳಿಗೆ ಸಮ್ಮತ’ ಎಂಬ ಒಪ್ಪಿಗೆ. ಹದಿಮೂರು ದಿನ ಕಳೆದು, ಏಪ್ರಿಲ್ 30ರಂದು ಬಂದ ಪತ್ರದಲ್ಲಿ ಧಾಟಿ ತಿರುಗಿತು. ಈಗ ಅರಸರೇ ನೇರವಾಗಿ ಅವನೊಡನೆ ಮಾತನಾಡುತ್ತಾರೆ: ನಮ್ಮ ಅಪ್ಪಣೆಯಿಂದ ಹೊರಟಿರುವ ‘ವೋಸ್’, ನೀವು, ನಾಡುಗಳನ್ನು ಕಂಡು ಗೆದ್ದ ಮೇಲೆ ನೌಕಾಧಿಪತಿಯಾಗುವಿರಿ ಎಂದು.

ಒಂದು ಕರಾರಿನಂತೆ, ಇನ್ನೊಂದು ಅನುಗ್ರಹದಂತೆ ಕೇಳುವುದಿಲ್ಲವೆ? ಇದು ಬರಿಯ ವೈಯಾಕರಣರ ಕಸರತ್ತಲ್ಲ. ಕೊಲಂಬಸ್ 1506ರಲ್ಲಿ ತೀರಿಕೊಂಡ ಮೇಲೆ ಅವನ ಮಗ ದಿಯೇಗೊ ಅರಸೊತ್ತಿಗೆಯ ಮೇಲೆ ದಾವೆ ಹೂಡಿದ. ತಂದೆಗೆ ದೊರೆತದ್ದು ಇಬ್ಬರನ್ನೂ ಕಟ್ಟುವ ಒಪ್ಪಂದವೋ, ಅರಸರು ಹಿಂತೆಗೆದುಕೊಳ್ಳಬಹುದಾದ ಕೃಪೆಯೋ ಎಂಬುದೇ ಅಲ್ಲಿನ ಮುಖ್ಯ ತಕರಾರು. ಬರಿಯ ಸರ್ವನಾಮದಿಂದ ಮೊಕದ್ದಮೆ ತೀರುವುದಿಲ್ಲ, ನಿಜ. ಆದರೆ ಪತ್ರದಲ್ಲಿ ಯಾರು ಯಾರೊಡನೆ ಮಾತನಾಡುತ್ತಿದ್ದಾರೆಂಬುದನ್ನು ಗಮನಿಸದೆ ಓದಿದವನಿಗೆ ಈ ಜಗಳದ ಬೇರು ಸಿಕ್ಕದು. ಕಡೆಗೆ 1536ರ ಪಂಚಾಯಿತಿಯಲ್ಲಿ ಮೊಮ್ಮಗನಿಗೆ ನೌಕಾಧಿಪತಿಯ ಬಿರುದು ಉಳಿಯಿತು, ವೈಸ್‌ರಾಯ್ ಪದವಿ ಹೋಯಿತು.

ಇನ್ನೊಂದು ಸ್ವಾರಸ್ಯ. ಆ ಕಾಲದ ಪತ್ರಗಳ ಒಡಲಲ್ಲಿ ಅರಸರು ‘ನಾವು’ ಎನ್ನುತ್ತಾರೆ, ಕೆಳಗೆ ರುಜು ಹಾಕುವಾಗ ‘ನಾನು ರಾಜ’, ‘ನಾನು ರಾಣಿ’. ಇಲ್ಲಿ ಇಬ್ಬರಿದ್ದುದರಿಂದ ಬಹುವಚನ ನ್ಯಾಯವಾದದ್ದೇ ಎನ್ನಿ!

ಮುಂದೆ ಹದಿನಾರನೆಯ ಶತಮಾನದಲ್ಲಿ ‘ವೋಸ್’ ಬೆಲೆ ಇಳಿಯಿತು. ಸರೀಕನನ್ನು ಹಾಗೆ ಕರೆದರೆ ಅವಮಾನವೆಂದು ಮುಖ ಕೆಂಪಾಗುತ್ತಿತ್ತು. ಗೌರವಕ್ಕೆ ‘ವುವೆಸ್ತ್ರ ಮೆರ್ಸೆದ್’, ‘ತಮ್ಮ ಕೃಪೆ’ ಎಂಬ ಮಾತು ಬಂತು. ಜನರ ಬಾಯಲ್ಲಿ ಸವೆದು ಸವೆದು ‘ಉಸ್ತೆದ್’ ಆಯಿತು. ‘ಕೃಪೆ’ ಎಂಬುದು ಪ್ರಥಮ ಪುರುಷವಾದ್ದರಿಂದ ಕ್ರಿಯಾಪದ ಇಂದಿಗೂ ‘ಬರುತ್ತಾರೆ’ ಎಂಬಂತೆಯೇ ನಡೆಯುತ್ತದೆ. ರಾಜರ ದಫ್ತರದ ಗುಮಾಸ್ತರು ಮಾತ್ರ ಹಳೆಯ ವಾಡಿಕೆ ಬಿಡದೆ ‘ವೋಸ್’ ಎಂದೇ ಬರೆಯುತ್ತ ಹೋದರು. ಆದ್ದರಿಂದ ಅಂಥ ಪತ್ರದಲ್ಲಿ ‘ವೋಸ್’ ಕಂಡೊಡನೆ ಬೈಗುಳವೆಂದಾಗಲಿ, ಬಹಳ ಹಳೆಯದೆಂದಾಗಲಿ ನಿರ್ಣಯಿಸಬಾರದು.

ಅರ್ಜೆಂಟೈನಾಕ್ಕೆ ಹೋದ ‘ವೋಸ್’ ಅಲ್ಲಿ ಸಲಿಗೆಯ ಮಾತಾಗಿ ನಿಂತಿದೆ. ಅರಸರು ಕೊಲಂಬಸನಿಗೆ ಆಡಿದ ಶಬ್ದದಿಂದಲೇ ಬ್ಯೂನಸ್ ಐರಿಸ್ಸಿನ ತಾಯಿ ಮಗನನ್ನು ಊಟಕ್ಕೆ ಕರೆಯುತ್ತಾಳೆ. ಅದೇ ದೇಶದ 1853ರ ಸಂವಿಧಾನ ಆರಂಭವಾಗುವುದು ಹಳೆಯ ‘ನೋಸ್’ ಎಂಬ ನಾವುವಿನಿಂದ. ಆದರೆ ಆ ‘ನಾವು’ ಎನ್ನುವವರು ಈಗ ಅರಸರಲ್ಲ, ಪ್ರಜೆಗಳ ಪ್ರತಿನಿಧಿಗಳು.